ಗೋಡೆಯ ಮೇಲಿನ ನಂಬರು

ಅರಸೀಕೆರೆಗೆ ವರ್ಗವಾಗಿ ಬಂದ ತಾರಿಣಿಗೆ ಎರಡು ತಿಂಗಳಾದರೂ ಗುರುತಿನವರು ಯಾರೂ ಇರಲಿಲ್ಲ. ಭಾನುವಾರ ಅಡುಗೆಮನೆಯ ನಲ್ಲಿ ಸೋರತೊಡಗಿತು. ಹಿಂದಿನ ಬಾಡಿಗೆಯವರು ಗೋಡೆಯ ಮೇಲೆ ಗೀಚಿಟ್ಟಿದ್ದ ಪ್ಲಂಬರ್ ನಂಬರಿಗೆ ಫೋನು ಮಾಡಿದಳು.

"ಅಷ್ಟಕ್ಕೆ ಯಾರೂ ಬರೋದು ಬೇಡಮ್ಮ, ನೀವೇ ಮಾಡ್ಬೋದು," ಎಂದಿತು ವಯಸ್ಸಾದ ಗಂಡಸಿನ ದನಿ. "ಮೊದ್ಲು ಟ್ಯಾಂಕಿನ ವಾಲ್ವ್ ಮುಚ್ಚಿ."

ಅವರು ಹೇಳಿದಂತೆ ನಲ್ಲಿಯ ತಲೆ ಬಿಚ್ಚಿ, ಸವೆದ ವಾಷರ್ ತೆಗೆದು, ಅಂಗಡಿಯಿಂದ ಹೊಸದು ತಂದು ಕೂರಿಸಿದಳು. ಅಷ್ಟು ಹೊತ್ತೂ ಅವರು ಫೋನು ಇಡಲಿಲ್ಲ. ಈ ಊರಿಗೆ ಬಂದ ಮೇಲೆ ಊಟ ಆಯ್ತಾ ಎಂದು ಅವಳನ್ನು ಕೇಳಿದವರು ಅವರೊಬ್ಬರೇ.

ಸೋರುವುದು ನಿಂತಿತು.

"ನಿಮ್ಮ ಅಂಗಡಿ ಎಲ್ಲಿ ಸಾರ್?"



"ನಾನು ಪ್ಲಂಬರಲ್ಲಮ್ಮ. ನೀವು ಮಾಡಿದ್ದು ರಾಂಗ್ ನಂಬರು. ಹಾಗಂದ್ರೆ ಫೋನ್ ಇಟ್ಬಿಡ್ತೀರಲ್ಲ ಅಂತ ಹೇಳ್ಲಿಲ್ಲ."