ಗಿಡ ಸವರುವ ಕತ್ತರಿ

ಗಂಡನ ಎಡಗೈ ಹೆಬ್ಬೆರಳು ಅವಳು ಹಿಡಿದಿದ್ದ ಗಿಡ ಸವರುವ ಕತ್ತರಿಯ ಬಾಯೊಳಗಿತ್ತು. ಅವನ ಬಲಗೈಯಲ್ಲಿ ಅವಳ ಜಡೆ ಮೂರು ಸುತ್ತು ಬಿಗಿದಿತ್ತು. ಬಾಗಿಲು ತೆಗೆಯುವುದು ತಡವಾಯಿತೆಂದು ತಾರಸಿಗೆ ನುಗ್ಗಿ ಬಂದವನು, “ನೀನು ಹೆಂಡತಿ ನನಗಾ, ಈ ಗಿಡಗಳಿಗಾ?” ಎನ್ನುತ್ತ ಪುದೀನ, ಟೊಮೆಟೊ ಎನ್ನದೆ ಕುಂಡಗಳನ್ನೆಲ್ಲ ಒದ್ದು ಒಡೆದು, ಕೊನೆಗೆ ಅವಳ ಮುಖವನ್ನೇ ಗುಲಾಬಿಯ ಮುಳ್ಳಿಗೆ ಒತ್ತಿದ್ದ. ಹಣೆಯಿಂದ ಇಳಿದ ರಕ್ತ ಹುಬ್ಬಿನಲ್ಲಿ ನಿಂತಿತ್ತು. ಭೂಮಿತಾಯಿಯ ತಾಳ್ಮೆಯನ್ನು ನಾವೆಲ್ಲ ಹೊಗಳುತ್ತೇವೆ. ಆದರೆ ಆ ತಾಯಿಯೂ ಒಮ್ಮೊಮ್ಮೆ ಮೈ ಕೊಡವುತ್ತಾಳೆ.

“ರೀ, ಜಡೆ ಬಿಡಿ,” ಎಂದಳು. ಅಲಗು ಚರ್ಮ ಸೀಳಿ ಒಳಗಿಳಿಯಿತು.

“ಅಮ್ಮಾ! ನಿನ್ನ ಸೊಸೆಗೆ ಹುಚ್ಚು ಹಿಡಿದಿದೆ, ಬೇಗ ಬಂದು ಬಿಡಿಸು!” ಎಂದು ಅವನು ಅರಚಿದ.

ಅತ್ತೆ ನೀರಿನ ಕ್ಯಾನು ಹಿಡಿದು ಮೆಟ್ಟಿಲ ತುದಿಯಲ್ಲಿ ನಿಂತಿದ್ದರು. ಸೊಸೆಗೆ ಕತ್ತರಿ ಹಿಡಿಯಲು ಕಲಿಸಿದವರೇ ಅವರು. ಒಡೆದ ಕುಂಡಗಳನ್ನು ನೋಡಿದರು, ಸೊಸೆಯ ಹಣೆಯನ್ನು ನೋಡಿದರು. ಅಮ್ಮ ಬಂದಳೆಂಬ ಧೈರ್ಯಕ್ಕೆ ಮಗ ಜಡೆಯನ್ನು ಇನ್ನೊಂದು ಸುತ್ತು ಬಿಗಿದ.

“ಎಷ್ಟು ಸಲ ಹೇಳಿದ್ದೀನಿ, ಮಗಳೇ,” ಎಂದರು ಅತ್ತೆ, ಮರೆತ ಪಾಠವನ್ನು ನೆನಪಿಸುವವರ ಹಾಗೆ. “ಕೊಳೆತಿದ್ದನ್ನ ಹಾಗೆ ಸುಮ್ನೆ ಜಜ್ಜುತ್ತಾ ಕೂರಬಾರದು. ಗಟ್ಟಿಯಾಗಿ ಹಿಡ್ಕೊಂಡು ಒಂದೇ ಸಲಕ್ಕೆ ಕತ್ತರಿಸಿಬಿಡು.”

ಅವನ ಬಲಗೈಯ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅವಳು ಮಾತ್ರ ಕತ್ತರಿಯನ್ನು ಸಡಿಲಿಸಲಿಲ್ಲ.