ಹೆಪ್ಪಿನ ಬಟ್ಟೆ

"ಬಟ್ಟಲಾ ಸ್ವಲ್ಪ ವಾರಿ ಮಾಡು," ಅಂದಳು ನೀಲಕ್ಕ, ಕೊಡಿಗೇಹಳ್ಳಿಯ ಅಡುಗೆಮನೆಯಲ್ಲಿ ಫೋನಿನ ವಿಡಿಯೊಗೆ ಮುಖ ಹಚ್ಚಿ.

ಅಂಟಾರ್ಕ್ಟಿಕಾದ ಸಂಶೋಧನಾ ಕೇಂದ್ರದಲ್ಲಿ ಮಗಳು ಸ್ನೇಹಾ ಬಟ್ಟಲನ್ನು ಓರೆ ಮಾಡಲು ಹಿಂಜರಿದಳು. ಅಲ್ಲಿ ಹಾಲಿನ ಪುಡಿಯಿತ್ತು, ಮೊಸರಿರಲಿಲ್ಲ. ಸಾಮಾನಿನ ಹಡಗು ಬರುವುದು ಚಳಿಗಾಲ ಕಳೆದ ಮೇಲೆಯೇ. ಇದ್ದದ್ದು ಅವ್ವ ಮೊಸರಿನಲ್ಲಿ ಅದ್ದಿ, ಒಣಗಿಸಿ ಕೊಟ್ಟಿದ್ದ ಬಟ್ಟೆಯ ತುಂಡು. ನಿನ್ನೆ ಅದನ್ನು ಬೆಚ್ಚನೆಯ ಹಾಲಿಗೆ ಹಾಕಿದ್ದಳು.

"ಅರಿಬಿ ತೊಳದಿಲ್ಲ ಹೌದಿಲ್ಲ?"

"ತೊಳೀಬೇಕಂತ ಮಾಡಿದ್ದೆ ಯವ್ವಾ, ಅಷ್ಟ ನಾರತಿತ್ತು."

"ಸುಡಗಾಡ ಪಿಎಚ್‌ಡಿ ನಿಂದು!"

ಸ್ನೇಹಾ ಬಟ್ಟಲನ್ನು ಮೆಲ್ಲಗೆ ಓರೆ ಮಾಡಿದಳು. ಇನ್ನಷ್ಟು ಓರೆ ಮಾಡಿದಳು. ಮೊಸರು ಅಲುಗದೆ ಗಟ್ಟಿಯಾಗಿ ನಿಂತಿತ್ತು. ಅವಳ ಹಿಂದಿನಿಂದ ಸಹೋದ್ಯೋಗಿಗಳ ಚಮಚ ಹಿಡಿದ ಕೈಗಳು ನುಗ್ಗಿದವು.

"ಮುಟ್ಟಬ್ಯಾಡ್ರೀ!" ನೀಲಕ್ಕ ಚೀರಿದಳು. "ಮೊದಲ ನಾಳಿಗೆ ಹೆಪ್ಪು ತಗದಿಡ್ರಿ!"

ಕೈಗಳೆಲ್ಲ ಗಾಳಿಯಲ್ಲೇ ನಿಂತವು.