ಕಿವಿಯಣ್ಣ ಆರಿಸಿದ ಗಾಡಿ

"ನಿಮ್ಮ ಮೂವರಲ್ಲಿ ಸುಳ್ಳು ಹೇಳ್ತಿರೋದು ಯಾರು?"

ಕಿವಿಯಣ್ಣ ಕೇಳಿದ್ದು ಯಾವ ಮನುಷ್ಯನನ್ನೂ ಅಲ್ಲ. ಗಾಲ್ಫ್ ಕ್ಲಬ್ಬಿನ ಹಿಂದಿನ ಅಂಗಳದಲ್ಲಿ ಮೂರು ಕಂಪನಿಯವರು ತಂದು ನಿಲ್ಲಿಸಿದ್ದ ಮೂರು ಬ್ಯಾಟರಿ ಗಾಡಿಗಳಿದ್ದವು. ಎರಡನೆಯದರ ಹಿಂದಿನ ಚಕ್ರವನ್ನು ಜಾಕಿಯ ಮೇಲೆ ಎತ್ತಿದ್ದರು. ಅವನು ಕುಕ್ಕರಗಾಲಲ್ಲಿ ಕೂತು, ತಿರುಗುವ ಚಕ್ರದ ಬಳಿಗೆ ಕಿವಿಯಾನಿಸಿದ್ದ.

ಅವನು ಆ ಕ್ಲಬ್ಬಿನ ಹಿರಿಯ ಕ್ಯಾಡಿ. ಆಟಗಾರರ ಚೀಲ ಹೊತ್ತು ಮೂವತ್ತೊಂದು ವರ್ಷ ಆ ಹುಲ್ಲಿನ ಮೇಲೆ ನಡೆದವನು. ದಾಂಡು ತಗುಲಿದಾಗ ಎಲ್ಲರೂ ತಲೆಯೆತ್ತಿ ಚೆಂಡಿನ ಹಿಂದೆ ಕಣ್ಣು ಓಡಿಸಿದರೆ, ಅವನು ತಲೆ ತಗ್ಗಿಸಿ ಕೇಳುತ್ತಿದ್ದ. "ಎಡಕ್ಕೆ, ನೂರೈವತ್ತು ಹೆಜ್ಜೆ, ಒದ್ದೆ ಮರಳು" ಎನ್ನುತ್ತಿದ್ದ. ನಿಜವೋ ಸುಳ್ಳೋ ಎಂದು ನೋಡಲು ಆಟಗಾರರೇ ಮುಂದೆ ಓಡುತ್ತಿದ್ದರು. ನಿಜವೇ ಆಗಿರುತ್ತಿತ್ತು. ಹಾಗಾಗಿ ಕಿವಿಯಣ್ಣ.

ಈಗ ಕ್ಲಬ್ಬಿಗೆ ಗಾಡಿ ಬೇಕಾಗಿತ್ತು. ಕ್ಯಾಡಿಗಳು ಹನ್ನೊಂದು ಮಂದಿ, ಬರಲಿರುವ ಗಾಡಿ ಆರು. ಇನ್ನು ಮುಂದೆ ಚೀಲ ಹೊರುವ ಕೆಲಸವಿಲ್ಲ. ಗಾಡಿ ಓಡಿಸುವವರಿಗಷ್ಟೇ ಕೆಲಸ. ಕಾರ್ಯದರ್ಶಿ ಮೇಡಂ ಇದನ್ನು ಹೇಳಿದ ದಿನ ಕಿವಿಯಣ್ಣನಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಜೋಮು ಹಿಡಿದ ಕಾಲಿನ ಹಾಗೆ ಆ ಮಾತು ಒಳಗೆಲ್ಲ ಭಾರವಾಗಿ ಕೂತಿತು, ಅಷ್ಟೆ. ಮಾರನೆಯ ದಿನ ಅವರೇ ಕರೆದು, "ಕೈಕೊಡದ ಗಾಡಿ ಯಾವುದು ಅಂತ ನೀವೇ ಆರಿಸಿ. ನಿಮ್ಮ ಕಿವಿ ಮೇಲೆ ನನಗೆ ನಂಬಿಕೆ" ಎಂದರು. ಅವನು ಹೂಂ ಎಂದ.

"ಅಣ್ಣಾ, ಯಾರೂ ಇಲ್ಲ ಈಗ. ಒಂದು ಮಾತು."

ಲಟಿಕೆ. ಹೆಜ್ಜೆಗೊಮ್ಮೆ ಲಟ್ಟೆನ್ನುವ ಎಡಮೊಣಕಾಲಿನಿಂದ ಬಂದ ಹೆಸರು. ಅವನೂ ಕ್ಯಾಡಿ, ಮನೆಯಲ್ಲಿ ಮೂವರು ಹೆಣ್ಣುಮಕ್ಕಳು.

"ಮೊದಲನೇದನ್ನೇ ಆರಿಸಿಬಿಡು. ಅದು ಮೂರು ತಿಂಗಳಿಗೆ ಮಕಾಡೆ ಮಲಗುತ್ತೆ ಅಂತ ನನ್ನಂಥ ದಡ್ಡನಿಗೂ ಗೊತ್ತಾಗುತ್ತೆ. ಆಮೇಲೆ ಇವರಿಗೆ ಗಾಡಿ ಹುಚ್ಚೂ ಬಿಡುತ್ತೆ, ನಾವೂ ಉಳೀತೀವಿ."

"ಮೂರು ತಿಂಗಳಲ್ಲ. ಅದರ ಆರು ಬ್ಯಾಟರೀಲಿ ಒಂದು ಆಗಲೇ ಸುಡ್ತಿದೆ. ಕೈ ಇಟ್ಟು ಬಂದೆ."

"ಮತ್ತೆ! ಇನ್ನೇನು ಯೋಚನೆ?"

"ಇಳಿಜಾರಲ್ಲಿ ಅದು ಕೈಕೊಟ್ಟರೆ ಓಡಿಸೋನ ಗತಿ ಏನು?"

ಲಟಿಕೆ ನಕ್ಕ, ನಗೆಯಲ್ಲಿ ಖಾರವಿತ್ತು. "ನಿನಗೇನಪ್ಪಾ, ಓಡಿಸೋರಲ್ಲಿ ಮೊದಲ ಹೆಸರು ನಿಂದೇ. ನನ್ನ ಈ ಕಾಲು ಕಂಡರೆ ನನ್ನನ್ನೇ ಮೊದಲು ಮನೆಗೆ ಕಳಿಸ್ತಾರೆ."

"ಬಾ, ಓಡಿಸು. ನಾನು ಹಿಂದೆ ಕೂರ್ತೀನಿ."

"ಯಾವಾಗಲೂ ನಾನೇ ಓಡಿಸಬೇಕಾ?"

"ಮುಂದೆ ಕೂತರೆ ಮೋಟಾರು ಕೇಳಿಸಲ್ಲ."

ಚೆಂಡು ಬೀಳಿಸುವ ಒಂಬತ್ತನೇ ಕುಳಿಯ ಏರಿಗೆ ಮೂರೂ ಗಾಡಿಗಳು ಸರದಿಯಲ್ಲಿ ಹತ್ತಿದವು. ಕಿವಿಯಣ್ಣನ ಕೈಯಲ್ಲಿ ಗಡಿಯಾರವಿರಲಿಲ್ಲ. ಚಿಕ್ಕಂದಿನಲ್ಲಿ ಅವ್ವ ಬೆಳಗಿನ ಹೊತ್ತು ರಾಗವಾಗಿ ಹೇಳುತ್ತಿದ್ದ ಪದ್ಯಗಳನ್ನು ತುಟಿಯೊಳಗೇ ಹೇಳಿಕೊಳ್ಳುತ್ತಿದ್ದ. ಎಷ್ಟು ಪದ್ಯಕ್ಕೆ ಗಾಡಿ ಏರು ಹತ್ತಿತು ಎಂಬುದೇ ಅವನ ಲೆಕ್ಕ. ಮೊದಲನೆಯದು ಬೆಳಗ್ಗೆ ಮೂರು ಪದ್ಯಕ್ಕೆ ಹತ್ತಿದ್ದು ಮಧ್ಯಾಹ್ನ ಐದು ತೆಗೆದುಕೊಂಡಿತು. ಎರಡನೆಯದು ಚುರುಕು. ಆದರೆ ಪೆಡಲಿನಿಂದ ಕಾಲು ತೆಗೆದಾಗಲೆಲ್ಲ ಗೇರಿನಲ್ಲಿ ಸಣ್ಣ ಕೊರಗು, ಜ್ವರದ ಮಗು ನಿದ್ದೆಯಲ್ಲಿ ನರಳುವ ಹಾಗೆ. ಮೂರನೆಯದು ಬೆಳಗ್ಗೆಯೂ ನಾಲ್ಕು, ಮಧ್ಯಾಹ್ನವೂ ನಾಲ್ಕು. ಏರಿನ ನಡುವೆ ಲಟಿಕೆ ಕಾಲು ತೆಗೆದ. ಬ್ರೇಕು ತಾನಾಗಿಯೇ ಟಕ್ಕೆಂದು ಕಚ್ಚಿತು. ಗಾಡಿ ಒಂದು ಗೇಣೂ ಹಿಂದೆ ಸರಿಯಲಿಲ್ಲ.

ಮೊದಲನೆಯ ಗಾಡಿ ತಂದ ಕಂಪನಿಯವನು ಬೆನ್ನು ಬಿಡಲಿಲ್ಲ. "ಬಣ್ಣ ನೋಡಿ ಸ್ವಾಮಿ, ಸೀಟು ನೋಡಿ! ಎಲ್ಲಾ ಈ ಕಾಗದದಲ್ಲಿದೆ, ಓದಿ."

"ಬಣ್ಣ ಏರು ಹತ್ತಲ್ಲ ಸ್ವಾಮಿ," ಎಂದು ಕಿವಿಯಣ್ಣ ಕಾಗದವನ್ನು ಲಟಿಕೆಗೆ ದಾಟಿಸಿದ. ಸುತ್ತ ನಿಂತಿದ್ದ ಕ್ಯಾಡಿಗಳು ಹೋ ಎಂದು ನಕ್ಕರು.

ಸಂಜೆ ಆ ನಗು ಇರಲಿಲ್ಲ. ಕಾರ್ಯದರ್ಶಿ ಮೇಡಂ ಬಂದು, "ಯಾವುದು?" ಎಂದಾಗ ಅಂಗಳದಲ್ಲಿದ್ದ ಉಳಿದ ಹತ್ತು ಕ್ಯಾಡಿಗಳೂ ಹತ್ತಿರಕ್ಕೆ ಸರಿದರು.

"ಮೂರನೇದು. ಹತ್ತು ವರ್ಷ ದುಡಿಯುತ್ತೆ. ಬೇರೆ ಎರಡನ್ನ ಪುಕ್ಕಟೆ ಕೊಟ್ಟರೂ ಬೇಡ."

ಯಾರೋ ನೆಲಕ್ಕೆ ಥೂ ಎಂದು ಉಗಿದರು. "ತನ್ನ ಸೀಟು ಗಟ್ಟಿ ಮಾಡ್ಕೊಂಡ," ಎಂದಿತು ಇನ್ನೊಂದು ದನಿ. ಲಟಿಕೆ ಬೆನ್ನ ಹಿಂದೆಯೇ ಇದ್ದಾನೆಂದು ಕಿವಿಯಣ್ಣನಿಗೆ ಗೊತ್ತಿತ್ತು; ಆ ಮೊಣಕಾಲು ಎರಡು ಸಲ ಲಟ್ಟೆಂದು ಸುಮ್ಮನಾಯಿತು. ಈಗಲಾದರೂ ಎದೆಯೊಳಗೆ ಏನಾದರೂ ಚುಚ್ಚೀತೆಂದು ಕಿವಿಯಣ್ಣ ಕಾದ. ಏನೂ ಆಗಲಿಲ್ಲ.

"ನಾಳೆಯಿಂದ ಓಡಿಸೋರ ಪಟ್ಟಿ ಶುರು," ಎಂದರು ಮೇಡಂ. "ಮೊದಲನೇ ಹೆಸರು ನಿಮ್ಮದೇ, ಯಾರೂ ತಕರಾರು ತೆಗೆಯೋ ಹಾಗಿಲ್ಲ. ಆಟಗಾರರೆಲ್ಲ ಕಾಯ್ತಿದ್ದಾರೆ, ಒಂದು ಸುತ್ತು ಹೊಡೆದು ತೋರಿಸಿ." ಅವನ ಅಂಗೈಯಲ್ಲಿ ತಣ್ಣಗಿನ ಕೀಲಿ ಬಿತ್ತು.

ಕಿವಿಯಣ್ಣ ಕೀಲಿಯನ್ನು ಒಮ್ಮೆ ಬೆರಳಲ್ಲಿ ತಿರುವಿದ. ಆಮೇಲೆ ಹಿಂದಕ್ಕೆ ಕೈಚಾಚಿ ಲಟಿಕೆಯ ತೋಳು ಹುಡುಕಿ, ಅದನ್ನು ಅವನ ಮುಷ್ಟಿಯೊಳಗೆ ತುರುಕಿದ.

"ನನ್ನ ಹೆಸರಿನ ಜಾಗದಲ್ಲಿ ಇವನದು ಬರೆಯಿರಿ. ಇವತ್ತು ಮೂರೂ ಗಾಡಿ ಓಡಿಸಿದ್ದು ಇವನೇ."

"ಅದೆಲ್ಲ ಆಮೇಲೆ. ಈಗ ನೀವು ಹತ್ತಿ. ನನಗೋಸ್ಕರ, ಒಂದೇ ಒಂದು ಸುತ್ತು."

"ಆಗಲ್ಲ ಮೇಡಂ. ಈ ಹುಲ್ಲು ನನ್ನ ಕಾಲಿಗೆ ಬಾಯಿಪಾಠ, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ. ನನಗೆ ಎರಡೂ ಕಣ್ಣು ಹೋಗಿ ಮೂರು ವರ್ಷವಾಯಿತು."